ಪಟ್ಟಿಯಲ್ಲಿಲ್ಲದ ಹಾಡು

ಹಾಡುವ ಆಸೆ ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಹಾಡುವ ಶಕ್ತಿ ಮಾತ್ರ ಎಲ್ಲರಿಗೂ ಹಾಗೆ ಬಂದುದಲ್ಲ. ಈ ಎರಡರ ನಡುವಣ ಅಂತರವನ್ನು ನಮ್ಮ ಹಿರಿಯರು ನಾನಾ ಉಪಾಯಗಳಿಂದ ತುಂಬಿಕೊಂಡಿದ್ದರು. ಬಚ್ಚಲುಮನೆಯ ಕದ ಮುಚ್ಚಿಕೊಂಡು ಹಾಡುವುದು ಒಂದು ಉಪಾಯ. ಭಜನೆಯ ಗುಂಪಿನಲ್ಲಿ ನಾಲ್ವರ ದನಿಯ ಮರೆಯಲ್ಲಿ ತಮ್ಮ ದನಿಯನ್ನು ಅಡಗಿಸಿ ಹಾಡುವುದು ಇನ್ನೊಂದು. ತೊಟ್ಟಿಲಲ್ಲಿ ಮಲಗಿ, ಎದ್ದುಹೋಗಲಾರದೆ ಇರುವ ಶ್ರೋತೃವಿಗೆ ಹಾಡುವುದು ಮೂರನೆಯದು. ಈ ಮೂರರಲ್ಲಿಯೂ ಸೇರದ ನಾಲ್ಕನೆಯ ಉಪಾಯವೊಂದು ಕೆಲವು ವರ್ಷಗಳಿಂದ ನಮ್ಮ ಊರುಗಳಿಗೂ ಬಂದು ನೆಲೆಸಿದೆ. ಅದರ ಹೆಸರು ಕರೋಕೆ.

ಹೆಸರು ಜಪಾನು ದೇಶದ್ದು. ‘ಕರ’ ಎಂದರೆ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಶಬ್ದವನ್ನು ಜಪಾನೀಯರು ತಮ್ಮ ನಾಲಗೆಗೆ ಹೊಂದಿಸಿಕೊಂಡು, ಅನಂತರ ಅದರ ಬಾಲವನ್ನು ಕತ್ತರಿಸಿ ಉಳಿಸಿಕೊಂಡ ತುಂಡು. ಎರಡೂ ಸೇರಿದರೆ ಬರಿದಾದ ವಾದ್ಯಗೋಷ್ಠಿ ಎಂದು ಅರ್ಥವಾಗುತ್ತದೆ. ವಾದ್ಯಗಳೆಲ್ಲ ನುಡಿಯುತ್ತಿರುತ್ತವೆ, ಹಾಡುಗಾರನ ಪೀಠವೊಂದು ಮಾತ್ರ ಖಾಲಿ. ಅದರ ಮೇಲೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು. ಎದುರಿನ ತೆರೆಯ ಮೇಲೆ ಸಾಹಿತ್ಯ ಮೂಡುತ್ತದೆ; ಯಾವ ಅಕ್ಷರವನ್ನು ಯಾವ ಗಳಿಗೆಯಲ್ಲಿ ಹಾಡಬೇಕೋ ಆ ಗಳಿಗೆಗೆ ಸರಿಯಾಗಿ ಅದರ ಬಣ್ಣ ಬದಲಾಗುತ್ತದೆ. ಸಿಂಹಾಸನ ಬತ್ತೀಸಿಯ ಕಥೆಯಲ್ಲಿ ದಿಬ್ಬದ ಮೇಲೆ ಕುಳಿತ ದನ ಕಾಯುವ ಹುಡುಗನಿಗೆ ರಾಜಕಳೆ ಬರುವಂತೆ, ಆ ಪೀಠದ ಮೇಲೆ ಕುಳಿತವನಿಗೂ ಒಂದು ಕಳೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದರ ಉತ್ಪತ್ತಿಯ ಕಥೆ ಸ್ವಾರಸ್ಯವಾಗಿದೆ. 1967ರಲ್ಲಿಯೇ ಟೋಕಿಯೋ ನಗರದ ಶಿಗೆಯಿಚಿ ನೆಗಿಷಿ ಎಂಬವನು ಇಂಥ ಪೆಟ್ಟಿಗೆಯೊಂದನ್ನು ಮಾಡಿದ್ದನು. ಆದರೆ ಲೋಕ ಹೆಚ್ಚಾಗಿ ನೆನೆಯುವುದು ಕೋಬೆ ನಗರದ ಡೈಸುಕೆ ಇನೌಯೆಯನ್ನು. ಇವನು ಪಾನಗೃಹಗಳಲ್ಲಿ ಗಿರಾಕಿಗಳ ಹಾಡಿಗೆ ಪಕ್ಕವಾದ್ಯ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಸಾಮಾನ್ಯ ವಾದ್ಯಗಾರ. 1971ರಲ್ಲಿ ಒಂದು ಸಣ್ಣ ಸಂಸ್ಥೆಯ ಯಜಮಾನನು, ತನ್ನ ಪರಿವಾರದೊಡನೆ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗುವಾಗ ತನ್ನ ಹಾಡಿಗೆ ಜೊತೆಗೊಡಲು ಬಾ ಎಂದು ಇವನನ್ನು ಕರೆದನಂತೆ. ಇವನಿಗೆ ಹೋಗಲು ಬಿಡುವಿರಲಿಲ್ಲ. ಆ ಮಹನೀಯನ ದನಿಯೂ ನಡೆಯೂ ಇವನಿಗೆ ಗೊತ್ತಿದ್ದುದರಿಂದ, ಅವನಿಗೆ ಹೊಂದುವಂತೆ ವಾದ್ಯವನ್ನು ನುಡಿಸಿ, ಸುರುಳಿಯಲ್ಲಿ ಮುದ್ರಿಸಿ ಕೊಟ್ಟು ಕಳುಹಿಸಿದನು. ಅದು ಫಲಿಸಿತು. ಅನಂತರ ನಾಣ್ಯ ಹಾಕಿದರೆ ನುಡಿಯುವ 11 ಪೆಟ್ಟಿಗೆಗಳನ್ನು ಮಾಡಿಸಿ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟನು. ಸ್ವಾಮ್ಯದ ಹಕ್ಕನ್ನು ಮಾತ್ರ ಬರೆಯಿಸಿಕೊಳ್ಳಲಿಲ್ಲ. ಕೋಟಿಗಳನ್ನು ಬೇರೆಯವರು ಗಳಿಸಿದರು. 2004ರಲ್ಲಿ ನಗೆಯ ನೊಬೆಲ್ ಎಂದು ಹೆಸರಾದ ಇಗ್ ನೊಬೆಲ್ ಬಹುಮಾನ ಅವನಿಗೆ ಬಂದಿತು. ಅದೂ ಶಾಂತಿಯ ವಿಭಾಗದಲ್ಲಿ. ಮನುಷ್ಯರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸದೊಂದು ದಾರಿಯನ್ನು ಕಲಿಸಿದನೆಂಬುದು ಬಹುಮಾನಕ್ಕೆ ಕೊಟ್ಟ ಕಾರಣ.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ನಗೆಯ ಬಹುಮಾನದ ಮೇಲಲ್ಲ. ಯಂತ್ರದ ಮೂಲದಲ್ಲಿ ಒಬ್ಬ ಪಕ್ಕವಾದ್ಯಗಾರನಿದ್ದನು. ಅವನು ಒಬ್ಬ ನಿರ್ದಿಷ್ಟ ಮನುಷ್ಯನ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಸಿದನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಇದರಿಂದ ಪ್ರಯೋಜನವುಂಟು.

ಕರೋಕೆಯನ್ನು ಹಳಿಯಲು ನಾನು ಲೇಖನಿ ಹಿಡಿದವನಲ್ಲ. ಅದು ನಮ್ಮಂಥ ಊರುಗಳಿಗೆ ಮಾಡಿರುವ ಉಪಕಾರ ಸಣ್ಣದಲ್ಲ. ಹಿಂದೆ ಚಿತ್ರಗೀತೆಯೊಂದನ್ನು ವಾದ್ಯಸಮೇತವಾಗಿ ಹಾಡಬೇಕಾದರೆ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಬರುವ ಆರ್ಕೆಸ್ಟ್ರಾ ತಂಡದ ಯಜಮಾನನ ಕೃಪಾಕಟಾಕ್ಷ ಬೇಕಾಗಿತ್ತು. ಅವನ ತಂಡದಲ್ಲಿ ಆಗಲೇ ‘ಜೂನಿಯರ್ ರಾಜಕುಮಾರ’ನೊಬ್ಬ ಇದ್ದೇ ಇರುತ್ತಿದ್ದನು, ಊರಿನ ಹವ್ಯಾಸಿಗೆ ಅವಕಾಶ ಸಿಗುವ ಹೊತ್ತಿಗೆ ರಾತ್ರಿ ಹನ್ನೆರಡು ಹೊಡೆದು ಸಭಿಕರು ಚಾಪೆ ಸುತ್ತಿಕೊಂಡು ಹೋಗಿರುತ್ತಿದ್ದರು. ಈಗಲಾದರೋ ಒಂದು ಧ್ವನಿವರ್ಧಕ, ಒಂದು ಮೊಬೈಲು, ಇಷ್ಟಿದ್ದರೆ ಸಾಕು. ಮೂವತ್ತು ವರ್ಷ ಲೆಕ್ಕದ ಪುಸ್ತಕಗಳ ನಡುವೆ ಬಾಯಿ ಬಿಡದೆ ಕುಳಿತಿದ್ದ ಗುಮಾಸ್ತರು, ತರಗತಿಯಲ್ಲಿ ಗದರಿಸಿಯೇ ದನಿ ಒರಟಾದ ಉಪಾಧ್ಯಾಯರು, ಅಡಿಗೆಮನೆಯ ಹೊಸಿಲಿನಾಚೆಗೆ ಎಂದೂ ದನಿಯೆತ್ತದಿದ್ದ ಗೃಹಿಣಿಯರು, ಎಲ್ಲರೂ ನಮ್ಮ ಸಂಘದ ತಿಂಗಳ ಸಂಜೆಯಲ್ಲಿ ನಿಂತು ಹಾಡುತ್ತಾರೆ. ಅವರ ಮುಖದಲ್ಲಿ ಆಗ ಕಾಣುವ ಸಂತೋಷವನ್ನು ನೋಡಿದವನು ಯಂತ್ರವನ್ನು ಬಯ್ಯಲಾರನು.

ಆದರೆ ಕೆಲವು ಸಂಜೆಗಳು ಕಳೆದ ಮೇಲೆ ನನಗೆ ಒಂದು ಸಂದೇಹ ಹುಟ್ಟಿತು. ಹಾಡುವವರು ಬೇರೆ ಬೇರೆ. ಅವರು ಹುಟ್ಟಿ ಬೆಳೆದ ಊರುಗಳು ಬೇರೆ. ಕಲಿತ ವಿದ್ಯೆ, ಕಂಡ ಕಷ್ಟಸುಖಗಳು ಬೇರೆ. ಹಾಡುಗಳು ಮಾತ್ರ ಅವೇ. ಕಸ್ತೂರಿ ನಿವಾಸ, ಬಂಗಾರದ ಮನುಷ್ಯ, ಗಂಧದ ಗುಡಿ. ಅಲ್ಲಿಂದ ಒಂದು ದೊಡ್ಡ ನೆಗೆತ ನೆಗೆದು 2006ರ ಮುಂಗಾರು ಮಳೆ. ಇವು ಒಳ್ಳೆಯ ಹಾಡುಗಳಲ್ಲವೆಂದು ಯಾರೂ ಹೇಳರು. ಆದರೆ ಒಂದೇ ಸಂಜೆ ಒಂದೇ ಹಾಡನ್ನು ಮೂವರು ಹಾಡಿದಾಗ, ಮೂರನೆಯವರು ವೇದಿಕೆಗೆ ಹೋಗುತ್ತ, “ನಾನು ಬೇರೆಯದನ್ನು ಹಾಡಬೇಕೆಂದಿದ್ದೆ, ಅದು ಸಿಗಲಿಲ್ಲ” ಎಂದು ಹೇಳಿದುದನ್ನು ಕೇಳಿ ನನಗೆ ಕುತೂಹಲವಾಯಿತು. ಅವರಿಗೆ ಬೇಕಾಗಿದ್ದುದು ಅದೇ ಚಿತ್ರದ ಇನ್ನೊಂದು ಹಾಡು. ಒಂದು ಚಿತ್ರದ ಐದಾರು ಹಾಡುಗಳಲ್ಲಿ ಎರಡಕ್ಕೆ ಟ್ರ್ಯಾಕ್ ಇರುತ್ತದೆ. ಉಳಿದವು ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮಕ್ಕಳಂತೆ ಹೊರಗೆ ನಿಂತಿರುತ್ತವೆ.

ಹೀಗೇಕೆಂದು ಬಲ್ಲವರನ್ನು ವಿಚಾರಿಸಿದೆ. ಹಾಡುಗಾರನ ದನಿಯಿಲ್ಲದ ಟ್ರ್ಯಾಕನ್ನು ಪಡೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಹಾಡನ್ನು ಮುದ್ರಿಸಿದ ಸಂಸ್ಥೆಯೇ ದನಿಯನ್ನೂ ವಾದ್ಯಗಳನ್ನೂ ಬೇರೆ ಬೇರೆಯಾಗಿ ಮುದ್ರಿಸಿ, ವಾದ್ಯದ ಭಾಗವನ್ನು ಮಾತ್ರ ಹೊರಗೆ ಬಿಡುವುದು. ಈಚಿನ ಹಾಡುಗಳಿಗೆ ಇದು ಸುಲಭ. ಹಳೆಯ ಕಾಲದಲ್ಲಿ ಹಾಡುಗಾರರೂ ವಾದ್ಯದವರೂ ಒಂದೇ ಕೊಠಡಿಯಲ್ಲಿ ನಿಂತು ಒಂದೇ ಉಸಿರಿನಲ್ಲಿ ಹಾಡಿ ನುಡಿಸಿದುದರಿಂದ ಅಲ್ಲಿ ಬೇರ್ಪಡಿಸಲು ಏನೂ ಇಲ್ಲ. ಎರಡನೆಯದು, ಮುದ್ರಿತವಾದ ಹಾಡಿನಿಂದಲೇ ದನಿಯನ್ನು ಕಳೆಯುವುದು. ಸ್ಟೀರಿಯೋ ಮುದ್ರಣದಲ್ಲಿ ಎಡದ್ದೊಂದು ಬಲದ್ದೊಂದು ಎಂದು ಎರಡು ಧಾರೆಗಳಿರುತ್ತವಷ್ಟೆ. ಹಾಡುಗಾರನ ದನಿ ಸಾಮಾನ್ಯವಾಗಿ ಎರಡರಲ್ಲಿಯೂ ಸಮವಾಗಿರುತ್ತದೆ. ವಾದ್ಯಗಳು ಆಚೆ ಈಚೆ ಹಂಚಿಕೊಂಡಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಸಮವಾಗಿದ್ದ ದನಿ ಅಳಿದು ವಾದ್ಯಗಳು ಉಳಿಯುತ್ತವೆ. ಆದರೆ 1950ರ, 1960ರ ದಶಕಗಳ ನಮ್ಮ ಹಾಡುಗಳಿಗೆ ಇದ್ದುದು ಒಂದೇ ಧಾರೆ. ಒಂದರಿಂದ ಅದನ್ನೇ ಕಳೆದರೆ ಏನುಳಿಯುತ್ತದೆಂಬುದನ್ನು ಒಂದನೆಯ ತರಗತಿಯ ಮಗು ಹೇಳೀತು. ಹೀಗೆ, ನಮ್ಮ ಹಿರಿಯರು ಹೆಚ್ಚಾಗಿ ಪ್ರೀತಿಸುವ ಹಾಡುಗಳಿಗೇ ಯಂತ್ರವು ಬೆನ್ನು ತಿರುಗಿಸಿತು.

ಮೂರನೆಯ ದಾರಿ ಶ್ರಮದ್ದು. ಕೀಬೋರ್ಡು ಬಲ್ಲವನೊಬ್ಬನು ಹಾಡನ್ನು ಹತ್ತಾರು ಬಾರಿ ಕೇಳಿ, ಕೊಳಲಿನ ಪಲುಕನ್ನೂ ತಬಲದ ಬೋಲನ್ನೂ ಒಂದೊಂದಾಗಿ ಹೆಕ್ಕಿ, ಮತ್ತೆ ಹೊಸದಾಗಿ ಕಟ್ಟುವುದು. ಇದಕ್ಕೆ ದಿನಗಳು ಹಿಡಿಯುತ್ತವೆ. ಅಷ್ಟು ದುಡಿದವನಿಗೆ ಕೂಲಿ ಬೇಡವೆ? ಹತ್ತು ಜನ ಕೇಳುವ ಹಾಡನ್ನು ಕಟ್ಟಿದರೆ ಗಿಟ್ಟುತ್ತದೆ; ಒಬ್ಬನು ಕೇಳುವ ಹಾಡನ್ನು ಕಟ್ಟಿದರೆ ಗಿಟ್ಟದು. ಆದುದರಿಂದ ಜನ ಕೇಳುವ ಹಾಡಿಗೆ ಟ್ರ್ಯಾಕ್ ಆಗುತ್ತದೆ. ಟ್ರ್ಯಾಕ್ ಇರುವ ಹಾಡನ್ನು ಜನ ಹಾಡುತ್ತಾರೆ. ಹಾಡಿದುದನ್ನೇ ಮತ್ತೆ ಜನ ಕೇಳುತ್ತಾರೆ. ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರ್ಕಶಾಸ್ತ್ರದ ಪಂಡಿತರಿಗೂ ದೊರೆಯದು.

ಕಾಯಿದೆಯೂ ಇದೇ ದಿಕ್ಕಿಗೆ ತಳ್ಳುತ್ತದೆ. 1957ರ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಒಮ್ಮೆ ಮುದ್ರಿತವಾದ ಹಾಡನ್ನು ಬೇರೊಬ್ಬರು ಐದು ವರ್ಷಗಳು ಕಳೆದ ಮೇಲೆ ಹೊಸದಾಗಿ ಹಾಡಿ ಮುದ್ರಿಸಬಹುದು; ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನವನ್ನು ತೆರಬೇಕು. ಕಡಿಮೆ ಪ್ರಸಾರವುಳ್ಳ ಭಾಷೆಗಳಿಗೆ ಈ ಸಂಖ್ಯೆಯನ್ನು ಇಳಿಸಲು ಅವಕಾಶವನ್ನು ಅಲ್ಲಿಯೇ ಇಟ್ಟಿದ್ದಾರೆ, ನಿಜ. ಕವಿಗೂ ರಾಗ ಕಟ್ಟಿದವರಿಗೂ ಸಲ್ಲಬೇಕಾದುದು ಸಲ್ಲಲೇಬೇಕು. ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಐವತ್ತು ಸಾವಿರದ ಮಾತು ಕೇಳಿದೊಡನೆ ಸಣ್ಣ ಊರಿನ ಕೀಬೋರ್ಡಿನವನ ಕೈ ಅಪರೂಪದ ಹಾಡನ್ನು ಬಿಟ್ಟು, ನಾಲ್ವರು ಬಲ್ಲ ಹಾಡಿನ ಕಡೆಗೆ ತಾನಾಗಿ ಸರಿಯುತ್ತದೆ.

ಭಾವಗೀತೆಗಳ ಪಾಡು ಇನ್ನೂ ವಿಚಿತ್ರ. ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ 1942ರಲ್ಲಿ ಪುಸ್ತಕವಾಗಿ ಬಂದಿತು. ಪಿ. ಕಾಳಿಂಗರಾಯರು ಕವಿತೆಗಳನ್ನು ಸಭೆಗಳಲ್ಲಿ ಹಾಡಿ ಮನೆಮನೆಗೂ ಮುಟ್ಟಿಸಿದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ‘ನಿತ್ಯೋತ್ಸವ’ವೆಂಬ ಕ್ಯಾಸೆಟ್ಟಾಗಿ ಬಂದುವು. ಆಮೇಲೆ ಸಿ. ಅಶ್ವತ್ಥರು, ಶಿವಮೊಗ್ಗ ಸುಬ್ಬಣ್ಣನವರು, ಇನ್ನೂ ಅನೇಕರು ಆ ಹೊಳೆಯನ್ನು ತುಂಬಿ ಹರಿಸಿದರು. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿದುದುಂಟು. ಒಬ್ಬರ ರಾಗದಲ್ಲಿ ಅದು ಬೆಳಗಾದರೆ ಇನ್ನೊಬ್ಬರ ರಾಗದಲ್ಲಿ ಸಂಜೆಯಾಗುತ್ತಿತ್ತು. ಈಗ ಯಾವ ರಾಗಕ್ಕೆ ಟ್ರ್ಯಾಕ್ ಇದೆಯೋ ಅದೇ ಆ ಕವಿತೆಯ ರಾಗ. ಕುವೆಂಪುರವರ ಕವಿತೆಯನ್ನು 2004ರಲ್ಲಿ ನಾಡಗೀತೆಯೆಂದು ಸ್ವೀಕರಿಸಿ, ಬಹಳ ಚರ್ಚೆಯಾದ ಮೇಲೆ 2022ರಲ್ಲಿ ಅನಂತಸ್ವಾಮಿಯವರ ಧಾಟಿಯನ್ನು ಸರ್ಕಾರವು ಗೊತ್ತುಮಾಡಿತು. ಅದು ನ್ಯಾಯವೇ, ಸಾವಿರಾರು ಜನ ಒಟ್ಟಿಗೆ ನಿಂತು ಹಾಡಬೇಕಾದ ಗೀತೆಗೆ ಒಂದೇ ಧಾಟಿ ಬೇಕು. ಆದರೆ ಉಳಿದ ನೂರಾರು ಕವಿತೆಗಳಿಗೂ ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ಯಾವ ಚರ್ಚೆಯೂ ನಡೆಯದೆ, ಒಂದೊಂದೇ ಧಾಟಿ ಗೊತ್ತಾಗಿಹೋಗುತ್ತಿದೆ. ಟ್ರ್ಯಾಕೇ ಇಲ್ಲದ ಕವಿತೆಗಳ ಮಾತನ್ನಂತೂ ಕೇಳಬೇಡಿ. ಕವಿಯೊಬ್ಬನು ಜೀವಮಾನವೆಲ್ಲ ಬರೆದ ಸಂಪುಟಗಳಲ್ಲಿ ಎರಡು ಕವಿತೆಗಳು ಯಂತ್ರದ ಪಟ್ಟಿಯಲ್ಲಿದ್ದರೆ, ನಮ್ಮ ಸಂಜೆಗಳ ಮಟ್ಟಿಗೆ ಅವನು ಎರಡೇ ಕವಿತೆ ಬರೆದವನು.

ಈ ಪಟ್ಟಿಯ ವಿಷಯ ನನಗೆ ಬರಿಯ ವಿನೋದವಾಗಿ ಉಳಿಯದಂತೆ ಮಾಡಿದುದು ಹೋದ ವರ್ಷದ ರಾಜ್ಯೋತ್ಸವದ ಸಂಜೆ. ನನ್ನ ಸೋದರತ್ತೆಯವರಿಗೆ ಎಂಬತ್ತು ದಾಟಿದೆ. ಅವರ ತಂದೆಗೆ, ಎಂದರೆ ನನ್ನ ಅಜ್ಜನಿಗೆ, ಕಂಪೆನಿ ನಾಟಕಗಳ ಹುಚ್ಚು. ಮನೆಯಲ್ಲಿ ಒಂದು ಗ್ರಾಮಫೋನೂ ಒಂದಷ್ಟು ನಾಟಕದ ಹಾಡಿನ ತಟ್ಟೆಗಳೂ ಇದ್ದುವು. ಅತ್ತೆ ಲಂಗ ಉಟ್ಟುಕೊಳ್ಳುವ ವಯಸ್ಸಿನಲ್ಲಿ ತಟ್ಟೆಯಿಂದ ಕಲಿತ ಹಾಡೊಂದು ನಮ್ಮ ವಂಶದಲ್ಲಿ ಪ್ರಸಿದ್ಧವಾದುದು. ಮದುವೆ ಮುಂಜಿಗಳಲ್ಲಿ ಆರತಿಯಾದ ಮೇಲೆ ಯಾರಾದರೊಬ್ಬರು “ಎಲ್ಲಿ, ನಿನ್ನ ಆ ಹಾಡಾಗಲಿ” ಎನ್ನುವುದು, ಅವರು ಎರಡು ಸಲ ಬೇಡವೆಂದು ಮೂರನೆಯ ಸಲ ಹಾಡುವುದು, ಇದು ಸಂಪ್ರದಾಯ. ಆ ಸಂಜೆ ನೆರೆಮನೆಯವರ ಒತ್ತಾಯಕ್ಕೆ ಅತ್ತೆ ನಮ್ಮ ಸಂಘಕ್ಕೂ ಬಂದರು. ಅವರ ಸರದಿ ಬಂದಾಗ ಮೆಲ್ಲನೆ ವೇದಿಕೆ ಹತ್ತಿ, ಯಂತ್ರದ ಬಳಿ ಕುಳಿತಿದ್ದ ಹುಡುಗನಿಗೆ ಹಾಡಿನ ಹೆಸರು ಹೇಳಿದರು. ಹುಡುಗ ಒಳ್ಳೆಯವನು, ಶ್ರದ್ಧೆಯಿಂದ ಹುಡುಕಿದನು, ಬೇರೆ ಬೇರೆ ಕಡೆ ಹುಡುಕಿದನು. ಕೊನೆಗೆ, “ಅಜ್ಜಿ, ಇದರ ಟ್ರ್ಯಾಕ್ ಇಲ್ಲ. ಬೇರೆ ಯಾವುದಾದರೂ ಹೇಳಿ, ಹಾಕಿಕೊಡುತ್ತೇನೆ” ಎಂದನು.

“ಇಲ್ಲವೇನಪ್ಪ? ಹೋಗಲಿ ಬಿಡು” ಎಂದು ಅತ್ತೆ ಇಳಿದು ಬಂದರು. ಯಾರೂ ಯಾರನ್ನೂ ಅವಮಾನ ಮಾಡಲಿಲ್ಲ. ಮುಂದಿನವರ ಹೆಸರನ್ನು ಕರೆದರು, ವಾದ್ಯ ಮೊಳಗಿತು, ಸಂಜೆ ಸಾಗಿತು. ಆದರೆ ನೂರು ಜನರಿದ್ದ ಆ ಸಭೆಯಲ್ಲಿ, ಟ್ರ್ಯಾಕ್ ಇಲ್ಲದೆಯೂ ಹಾಡಬಹುದೆಂಬುದು ಹುಡುಗನಿಗೂ ಹೊಳೆಯಲಿಲ್ಲ, ಸಭೆಗೂ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅರವತ್ತು ವರ್ಷ ಯಾವ ಪಕ್ಕವಾದ್ಯವೂ ಇಲ್ಲದೆ ಹಾಡಿದ ಅತ್ತೆಗೂ ಹೊಳೆಯಲಿಲ್ಲ. ನನ್ನನ್ನು ಚಿಂತೆಗೆ ಹಚ್ಚಿದುದು ಇದು.

ಮರುದಿನ ಬೆಳಿಗ್ಗೆ ಅವರು ಜಗಲಿಯಲ್ಲಿ ಕುಳಿತು ಸೇವಂತಿಗೆ ಕಟ್ಟುತ್ತಿದ್ದಾಗ ನಾನು ಹೋಗಿ, “ಅತ್ತೆ, ನಿನ್ನೆಯದು ಬಾಕಿ ಇದೆಯಲ್ಲ” ಎಂದೆ. ಎರಡು ಸಲ ಬೇಡವೆಂದರು. ಆಮೇಲೆ ಹಾಡಿದರು. ದನಿ ಈಗ ನಡುಗುತ್ತದೆ. ಆದರೆ ರಾಗದ ದಾರಿ ತಪ್ಪುವುದಿಲ್ಲ. ಪಲ್ಲವಿಯಾಯಿತು, ಒಂದು ಚರಣವಾಯಿತು. ದಾರ ಮುಗಿಯಿತೆಂದು ನಡುವೆ ನಿಲ್ಲಿಸಿ, ಹೊಸ ದಾರ ತೆಗೆದುಕೊಂಡು, ನಿಲ್ಲಿಸಿದ ಸ್ವರದಿಂದಲೇ ಮುಂದುವರಿಸಿದರು. ಎರಡನೆಯ ಚರಣವಾಯಿತು. ಮೂರನೆಯದರ ಮೊದಲ ಸಾಲು ಬಂದಿತು, ಅಲ್ಲಿಗೆ ನಿಂತಿತು. ಅವರು ಸ್ವಲ್ಪ ಹೊತ್ತು ಹೂವನ್ನೇ ನೋಡುತ್ತಿದ್ದು, “ಇದು ಅಕ್ಕನಿಗೆ ಬರುತ್ತಿತ್ತು” ಎಂದರು. ಅವರ ಅಕ್ಕ ತೀರಿಕೊಂಡು ಹನ್ನೆರಡು ವರ್ಷವಾಯಿತು. ತಟ್ಟೆಗಳು ಮನೆ ಪಾಲಾದಾಗ ಎಲ್ಲಿ ಹೋದುವೋ ಬಲ್ಲವರಿಲ್ಲ. ಮಿಕ್ಕ ಎರಡು ಚರಣಗಳನ್ನು ನಾನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಹಿನ್ನೆಲೆಯಲ್ಲಿ ಬೀದಿಯ ಸೊಪ್ಪಿನವಳ ಕೂಗು ಕೂಡ ಸೇರಿಕೊಂಡಿದೆ.

ಯಂತ್ರವು ಹಾಡನ್ನು ಆರಿಸುವುದು ಹೊಸತಲ್ಲವೆಂದು ಯಾರಾದರೂ ಹೇಳಬಹುದು. ಅತ್ತೆ ಕಲಿತುದೂ ಯಂತ್ರದಿಂದಲೇ ಅಲ್ಲವೆ? ನಿಜ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದುದನ್ನು ಗ್ರಾಮಫೋನಿನವರು ಮುದ್ರಿಸಿಕೊಂಡಂದಿನಿಂದ, ಒಂದು ರಾತ್ರಿಯೆಲ್ಲ ಹಾಡತಕ್ಕ ರಾಗವನ್ನು ಮೂರು ನಿಮಿಷಗಳಿಗೆ ಮಡಿಸಿಡುವ ವಿದ್ಯೆಯನ್ನು ನಮ್ಮವರು ಕಲಿತರು. ತಟ್ಟೆಗೆ ಬಾರದ ಸಂಗೀತ ಎಷ್ಟೋ ಹೋಯಿತು. ಚಲಚ್ಚಿತ್ರದ ಮಾತೂ ಅಷ್ಟೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದರೆ ಗ್ರಾಮಫೋನಿಗೂ ಕರೋಕೆಗೂ ಒಂದು ಭೇದವಿದೆ. ಗ್ರಾಮಫೋನು ನಾವು ಏನನ್ನು ಕೇಳಬೇಕೆಂಬುದನ್ನು ಗೊತ್ತುಮಾಡಿತು. ಕೇಳಿದ ಮೇಲೆ ಬಾಯಿ ನಮ್ಮದಾಗಿಯೇ ಉಳಿದಿತ್ತು. ಅತ್ತೆ ತಟ್ಟೆಯಿಂದ ಕಲಿತರು. ಆಮೇಲೆ ಅದನ್ನು ತಮ್ಮ ಶ್ರುತಿಗೆ ಇಳಿಸಿಕೊಂಡರು, ಬೇಕಾದೆಡೆಯಲ್ಲಿ ನಿಂತರು, ಬೇಕಾದೆಡೆಯಲ್ಲಿ ಎಳೆದರು. ಕರೋಕೆಯಲ್ಲಾದರೋ ಏನನ್ನು ಹಾಡಬೇಕು, ಎಷ್ಟು ಹೊತ್ತು ಹಾಡಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ.

ಪಕ್ಕವಾದ್ಯವೆಂಬ ನಮ್ಮ ಮಾತಿನಲ್ಲಿಯೇ ಅದರ ಧರ್ಮವಿದೆ. ಪಕ್ಕದಲ್ಲಿರುವುದು ಅದರ ಕೆಲಸ, ಮುಂದೆ ಓಡುವುದಲ್ಲ. ಪಿಟೀಲಿನವರು ಹಾಡುಗಾರರ ಹಿಂದೆ ನೆರಳಿನಂತೆ ನಡೆಯುತ್ತಾರೆ. ಯಕ್ಷಗಾನದ ಭಾಗವತರು ಕುಣಿಯುವವನ ದಣಿವನ್ನು ನೋಡಿ ಪದವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಹಳ್ಳಿಯ ಹಾರ್ಮೋನಿಯಂ ಮಾಸ್ತರರು, ಹಾಡುವ ಹುಡುಗಿಯ ದನಿ ಮೇಲಿನ ಷಡ್ಜಕ್ಕೆ ಏರಲಾರದೆಂದು ಕಂಡೊಡನೆ ಮರುಮಾತಿಲ್ಲದೆ ಒಂದು ಮನೆ ಕೆಳಗಿಳಿದುಬಿಡುತ್ತಾರೆ. ಜಪಾನಿನ ಆ ವಾದ್ಯಗಾರನು ತನ್ನ ಗಿರಾಕಿಗೆ ಮಾಡಿದುದೂ ಇದನ್ನೇ. ಅವನ ಸುರುಳಿ ಒಬ್ಬ ಮನುಷ್ಯನ ದನಿಯನ್ನು ಅನುಸರಿಸಿ ಹುಟ್ಟಿತು. ಇಂದಿನ ಟ್ರ್ಯಾಕು ಎಲ್ಲರ ದನಿಯೂ ತನ್ನನ್ನು ಅನುಸರಿಸಲೆಂದು ಕಾಯುತ್ತದೆ. ಶ್ರುತಿಯನ್ನು ಏರಿಸಿ ಇಳಿಸುವ ಸೌಕರ್ಯ ಈಗ ಉಂಟು. ಆದರೆ ಮುದುಕಿಯೊಬ್ಬಳು ದಾರ ಮುಗಿಯಿತೆಂದು ನಿಂತರೆ ತಾನೂ ನಿಲ್ಲುವ ಸೌಜನ್ಯ ಅದಕ್ಕಿನ್ನೂ ಬಂದಿಲ್ಲ.

ಹೀಗೆ ನಿಲ್ಲುವ, ಕಾಯುವ ಹಾಡುಗಳೇ ನಮ್ಮಲ್ಲಿ ಎಷ್ಟಿಲ್ಲ? ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳು ವಾಚಿಸುವಾಗ ತಾಳದ ಕಟ್ಟಿಲ್ಲ. ಅರ್ಥಕ್ಕೆ ತಕ್ಕಂತೆ ರಾಗ ನಡೆಯುತ್ತದೆ. ಸೋಬಾನೆಯ ಹಾಡಿನಲ್ಲಿ ಒಂದು ಗುಂಪು ಹೇಳಿದುದನ್ನು ಇನ್ನೊಂದು ಗುಂಪು ಹಿಡಿಯಬೇಕು. ಬೀಸುವ ಪದಕ್ಕೆ ಕಲ್ಲಿನ ಸುತ್ತೇ ತಾಳ. ಶಿಶುನಾಳ ಶರೀಫರ ತತ್ತ್ವಪದವನ್ನು ಏಕತಾರಿ ಹಿಡಿದು ಹಾಡುವವರು ನಡುವೆ ನಿಲ್ಲಿಸಿ ಅರ್ಥ ಹೇಳಿ ಮತ್ತೆ ಎತ್ತಿಕೊಳ್ಳುತ್ತಾರೆ. ಇವುಗಳಿಗೆ ಯಾವ ಟ್ರ್ಯಾಕನ್ನು ಕಟ್ಟುವುದು? ಕಟ್ಟಿದರೂ ಅದು ಹರಿಯುವ ನೀರನ್ನು ಬಿಂದಿಗೆಯಲ್ಲಿ ತುಂಬಿ ಇದೇ ಹೊಳೆಯೆಂದು ತೋರಿಸಿದಂತಾದೀತು.

ಇನ್ನು ಕೆಲವೇ ವರ್ಷಗಳಲ್ಲಿ ಈ ಕೊರತೆಯೆಲ್ಲ ನೀಗುವುದೆಂದು ತರುಣ ಮಿತ್ರರು ನನಗೆ ಧೈರ್ಯ ಹೇಳುತ್ತಾರೆ. 2019ರಲ್ಲಿ ಫ್ರಾನ್ಸಿನ ಡೀಜರ್ ಎಂಬ ಸಂಸ್ಥೆಯವರು ಸ್ಪ್ಲೀಟರ್ ಎಂಬ ಸಾಧನವನ್ನು ಎಲ್ಲರೂ ಬಳಸುವಂತೆ ಬಿಡುಗಡೆ ಮಾಡಿದರು. ಅದು ಮತ್ತು ಅದರ ಬಳಗದ ಸಾಧನಗಳು ಒಂದೇ ಧಾರೆಯ ಹಳೆಯ ಮುದ್ರಣದಿಂದಲೂ ದನಿಯನ್ನು ಬೇರ್ಪಡಿಸಬಲ್ಲುವು. ಕಲಿಸಿದುದನ್ನು ಕಲಿಯುವ ಯಂತ್ರಬುದ್ಧಿ ಅವುಗಳಲ್ಲಿದೆ. ಕೇಳಿ ನೋಡಿದೆ. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವ ಮಾತು ನೆನಪಾಯಿತು. ಆದರೂ ಹಾಲಿನಲ್ಲಿ ಅಲ್ಲಲ್ಲಿ ನೀರು ಉಳಿದಂತೆ, ಅಳಿಸಿದ ಹಾಡುಗಾರನ ನಿಟ್ಟುಸಿರು ವಾದ್ಯಗಳ ನಡುವೆ ಒಮ್ಮೊಮ್ಮೆ ಕೇಳಿಬರುತ್ತದೆ. ಇದು ಇನ್ನೂ ಉತ್ತಮವಾದೀತು, ಆಗಲಿ. ನನ್ನ ಸಂತೋಷಕ್ಕೇನೂ ಅಡ್ಡಿಯಿಲ್ಲ. ಆದರೆ ಬೇರ್ಪಡಿಸಲು ಮೊದಲು ಮುದ್ರಣವೊಂದು ಇರಬೇಕಲ್ಲ? ಎಂದೂ ಮುದ್ರಿತವಾಗದ ಹಾಡಿಗೆ, ಮುದ್ರಿತವಾಗಿಯೂ ತಟ್ಟೆಯೊಡನೆ ಕಳೆದುಹೋದ ಹಾಡಿಗೆ, ಯಾವ ಯಂತ್ರಬುದ್ಧಿಯೂ ಜೀವ ಕೊಡಲಾರದು. ಅದು ಇರುವುದು ಒಂದು ಗಂಟಲಿನಲ್ಲಿ; ಆ ಗಂಟಲನ್ನು ನಾವು “ಬೇರೆ ಯಾವುದಾದರೂ ಹೇಳಿ” ಎಂದು ಕೆಳಗಿಳಿಸಿ ಕಳುಹಿಸುತ್ತಿದ್ದೇವೆ.

ಸಾಹಿತ್ಯಪ್ರಿಯರಾದ ವಾಚಕರಲ್ಲಿ ಇನ್ನೊಂದು ಮಾತನ್ನೂ ಅರಿಕೆ ಮಾಡಿಕೊಳ್ಳಬೇಕು. ಇರುವ ಟ್ರ್ಯಾಕುಗಳಲ್ಲಿ ಎಷ್ಟೋ ಕಡೆ ಕನ್ನಡದ ಸಾಹಿತ್ಯವು ತೆರೆಯ ಮೇಲೆ ಮೂಡುವುದು ರೋಮನ್ ಅಕ್ಷರಗಳಲ್ಲಿ. ಅಲ್ಲಿ ಳಕಾರಕ್ಕೂ ಲಕಾರಕ್ಕೂ ಒಂದೇ ವೇಷ. ಹ್ರಸ್ವದೀರ್ಘಗಳು ಹಾಡುವವರ ಪುಣ್ಯ. ಕನ್ನಡವನ್ನು ಓದಬಲ್ಲ ಮಕ್ಕಳೂ ಅದನ್ನು ನೋಡಿ ನೋಡಿ, ಮನೆಯಲ್ಲಿ ಸರಿಯಾಗಿ ಆಡುವ ಮಾತನ್ನೇ ವೇದಿಕೆಯ ಮೇಲೆ ತಪ್ಪಾಗಿ ಹಾಡುತ್ತಾರೆ. ಹಾಡಿನ ಪಟ್ಟಿ ಕಿರಿದಾಗುವುದರ ಜೊತೆಗೆ ಅಕ್ಷರದ ಪಟ್ಟಿಯೂ ಕಿರಿದಾಗಬೇಕೆ?

ದೂರು ಹೇಳಿ ಸುಮ್ಮನಾಗುವುದು ಸುಲಭ. ಸಂಘವೆಂದು ಒಂದನ್ನು ಕಟ್ಟಿಕೊಂಡ ಮೇಲೆ ಏನಾದರೂ ಮಾಡಬೇಕಷ್ಟೆ. ನನಗೆ ತೋರಿದ ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು, ತಿಂಗಳ ಸಂಜೆಯಲ್ಲಿ ಅರ್ಧ ಗಂಟೆ ಯಂತ್ರವನ್ನು ಆರಿಸಿಡುವುದು. ಆ ಅರ್ಧ ಗಂಟೆಯಲ್ಲಿ ಟ್ರ್ಯಾಕ್ ಇಲ್ಲದ ಹಾಡುಗಳಿಗೆ ಮಾತ್ರ ಪ್ರವೇಶ. ಶ್ರುತಿಪೆಟ್ಟಿಗೆಯೊಂದು ಸಾಕು, ಅದೂ ಇಲ್ಲದಿದ್ದರೆ ಬರಿಯ ಕಂಠ. ಎರಡನೆಯದು, ಮನೆಯಲ್ಲಿ ಹಿರಿಯರಿದ್ದವರು ಅವರ ಹಾಡುಗಳನ್ನು ಮುದ್ರಿಸಿಕೊಂಡು, ಸಾಹಿತ್ಯವನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನು ಎರಡು ಸಾಲಿನಲ್ಲಿ ಸೇರಿಸಿ ಸಂಘದ ಪುಸ್ತಕಭಂಡಾರಕ್ಕೆ ಕೊಡುವುದು. ಮೂರನೆಯದು, ಕೀಬೋರ್ಡು ಬಲ್ಲ ನಮ್ಮ ಹುಡುಗರು ವರ್ಷಕ್ಕೆ ನಾಲ್ಕು ಹಾಡುಗಳಿಗಾದರೂ ಹೊಸದಾಗಿ ಪಕ್ಕವಾದ್ಯ ಕಟ್ಟುವುದು. ಹಕ್ಕುದಾರರಿದ್ದರೆ ಅವರ ಒಪ್ಪಿಗೆ ಪಡೆದು, ಇಲ್ಲದ ಹಳೆಯ ಪದಗಳನ್ನು ನಿರಾತಂಕವಾಗಿ. ಹಾಡುವವರನ್ನು ಎದುರಿಗೆ ಕೂರಿಸಿಕೊಂಡು, ಅವರ ಉಸಿರನ್ನು ನೋಡಿ ಕಟ್ಟಿದರೆ ಇನ್ನೂ ಲೇಸು.

ಇದನ್ನೆಲ್ಲ ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟಿದ್ದೇನೆ. ಮೊದಲನೆಯ ಸಲಹೆಗೆ ಒಪ್ಪಿಗೆ ಸಿಕ್ಕಿದೆ. ಉಳಿದೆರಡನ್ನು ಪರಿಶೀಲಿಸುವುದಾಗಿ ಹೇಳಿದ್ದಾರೆ. ಯಂತ್ರದ ಬಳಿ ಕೂರುವ ಹುಡುಗನು ಆ ಅರ್ಧ ಗಂಟೆ ತನಗೇನು ಕೆಲಸವೆಂದು ಕೇಳಿದನು. ಸಾಹಿತ್ಯ ಬರೆದುಕೊಳ್ಳುವ ಕೆಲಸ ಅವನದೆಂದು ಗೊತ್ತಾಗಿದೆ. ಸದಸ್ಯರೊಬ್ಬರು ತಮ್ಮ ತಂದೆಯ ಕಾಲದ ಹಾರ್ಮೋನಿಯಮನ್ನು ಅಟ್ಟದಿಂದ ಇಳಿಸಿ ತರುವುದಾಗಿ ಮಾತು ಕೊಟ್ಟಿದ್ದಾರೆ. ಅ‌ದರಲ್ಲಿ ಒಂದು ಸ್ವರ ಒತ್ತಿದರೆ ಮೇಲೇಳುವುದಿಲ್ಲವಂತೆ. ಆ ಸ್ವರವಿಲ್ಲದ ರಾಗಗಳು ಬೇಕಾದಷ್ಟಿವೆ. ಮೊದಲ ಸಂಜೆಗೆ ಅಷ್ಟು ಸಾಕು.